ದೋಣಿಗೆ ಗಾಡಿಯ ಮುಂಭಾರ

ಆ ದೋಣಿಯನ್ನು ನಾನು ಮೊದಲು ನೋಡಿದ್ದು ನೀರಿನಲ್ಲಲ್ಲ. ಭಾಲ್ಕಿಯ ತಹಸೀಲ್ ಕಚೇರಿಯ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ಒಂದು ಮಗ್ಗುಲಿಗೆ ವಾಲಿಕೊಂಡು ಬಿದ್ದಿತ್ತು. ಒಳಗೆ ಕೋಳಿಗಳು ಕಾವು ಕೂತಿದ್ದವು. ಹೀಗೆ ಬರೆದ ಕೂಡಲೇ ಅನುಮಾನ ಬರುತ್ತದೆ: ಕೋಳಿಗಳು ನಿಜಕ್ಕೂ ಇದ್ದವೇ, ಅಥವಾ ಇಷ್ಟು ವರ್ಷ ಹೇಳುತ್ತ ಹೇಳುತ್ತ ನಾನೇ ತಂದು ಕೂಡಿಸಿದೆನೇ? ಕೋಳಿಗಳನ್ನು ಬಿಡೋಣ. ದೋಣಿ ಇತ್ತು. ಸಾಗವಾನಿ ಹಲಗೆ, ಎರಡೂ ತುದಿ ಚೂಪು, ನಡುವೆ ಹೊಲಿಗೆ ಯಂತ್ರದಂತೆ ಟಕಟಕ ಎನ್ನುವ ಒಂದು ಪುಟ್ಟ ಎಂಜಿನ್. ಜಹಗೀರದಾರರೊಬ್ಬರು ತಮ್ಮ ಕೆರೆಯಲ್ಲಿ ಬಾತುಕೋಳಿ ಬೇಟೆಗೆ ಮಾಡಿಸಿಕೊಂಡದ್ದು. ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆ್ಯಕ್ಷನ್ ಆಗಿ ಜಹಗೀರು ಸರ್ಕಾರಕ್ಕೆ ಸೇರಿದ ಮೇಲೆ ಕುದುರೆಗಾಡಿ, ಜಮಖಾನೆಗಳ ಜೊತೆ ದೋಣಿಯೂ ಸೇರಿತು. ದೋಣಿಯ ಹಿಂದೆ ಅದನ್ನು ನಡೆಸುವವನೂ ಬಂದ.

ಅವನನ್ನು ಎಲ್ಲರೂ ಸಾರಂಗ್ ಎನ್ನುತ್ತಿದ್ದರು. ಮೋಟಾರು ದೋಣಿ ನಡೆಸುವವನಿಗೆ ಆ ಹಳೆಯ ಮನೆತನದಲ್ಲಿದ್ದ ಹೆಸರು ಅದು. ನಲವತ್ತರ ಆಚೀಚೆಯ ಮನುಷ್ಯ, ತೆಳ್ಳಗೆ, ಸದಾ ಒಗೆದ ಅಂಗಿ.

ನನ್ನನ್ನು ಬೀದರದ ಮೋಟಾರು ಕಾರಖಾನೆಯಿಂದ ಕರೆಸಿದ್ದು ತಹಸೀಲ್ದಾರರು. ಹೊಸ ಸರ್ಕಾರದ ಹೊಸ ಮನುಷ್ಯ, ಕೆಲಸವನ್ನು ಬೇಗ ಮುಗಿಸಿ ತೋರಿಸಬೇಕೆಂಬ ಆತುರದವರು. ಅವರ ತೊಂದರೆ ಮಾಂಜರಾ ಹೊಳೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಔರಾದ ಕಡೆಯ ಹಳ್ಳಿಗಳು ಆಚೆ ದಂಡೆಯಲ್ಲೇ ಉಳಿಯುತ್ತಿದ್ದವು. ಆ ಕಡೆ ರೈಲಿಲ್ಲ, ಬಸ್ಸು ದಂಡೆಗೆ ಬಂದು ನಿಲ್ಲುತ್ತಿತ್ತು. ಜನ ಬೆಲ್ಲ ಕಾಯಿಸುವ ದೊಡ್ಡ ಕಡಾಯಿಯಲ್ಲಿ ಕೂತು, ಬುಗುರಿಯಂತೆ ತಿರುಗುತ್ತ ದಾಟುತ್ತಿದ್ದರು. ಹಿಂದಿನ ವರ್ಷ ಈ ದೋಣಿಯನ್ನು ಸಾಯಗಾಂವದ ಬಳಿ ನೀರಿಗಿಳಿಸಿ ನೋಡಿದ್ದರು. ಕೆರೆಯ ನಿಂತ ನೀರಿಗೆ ಮಾಡಿದ ಎಂಜಿನ್ನು ಪ್ರವಾಹಕ್ಕೆ ಎದೆ ಕೊಡಲಿಲ್ಲ; ದೋಣಿ ದೂರ ಕೆಳಗೆ ಒಂದು ಜಾಲಿ ಮರಕ್ಕೆ ಹೋಗಿ ಆತುಕೊಂಡಿತ್ತು.

"ಈ ಮಳಿಗಾಲಕ್ಕ ಓಡ್ಬೇಕು," ಎಂದರು ತಹಸೀಲ್ದಾರರು. "ಓಡದಿದ್ರ ಎಂಜಿನ್ ಹೈದ್ರಾಬಾದಿಗೆ, ಕಟಗಿ ಲಿಲಾವಿಗೆ."

ಎಂಜಿನ್ನು ಹೈದರಾಬಾದಿಗೆ, ಕಟ್ಟಿಗೆ ಹರಾಜಿಗೆ; ಸಾರಂಗ್ ಎಲ್ಲಿಗೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅದು ನನಗೆ ತಿಳಿದದ್ದು ಅವನ ಮನೆಯಲ್ಲಿ ಊಟಕ್ಕೆ ಕೂತಾಗ. ಭಾಲ್ಕಿಯ ಅವನ ಓಣಿಯಲ್ಲಿ ಬೀಗ ಬಿದ್ದ ಮನೆಗಳೇ ಹೆಚ್ಚು. ಪೊಲೀಸ್ ಆ್ಯಕ್ಷನ್ನಿನ ಆ ಸೆಪ್ಟೆಂಬರಿನ ನಂತರ ಊರು ಬಿಟ್ಟು ಹೋದವರವು. ಅವನ ಇಬ್ಬರು ಅಣ್ಣಂದಿರೂ ಹೈದರಾಬಾದು ಸೇರಿದ್ದರು. ನಡುಮನೆಯಲ್ಲಿ ಎರಡು ಟ್ರಂಕುಗಳನ್ನು ಒಂದರ ಮೇಲೊಂದು ಇಟ್ಟು ಕತ್ತದ ಹಗ್ಗದಿಂದ ಬಿಗಿದು ಕಟ್ಟಿದ್ದರು. ಹಗ್ಗ ಎಷ್ಟು ದಿನದಿಂದ ಹಾಗೆ ಇತ್ತೋ, ಮೂಲೆಗಳಲ್ಲಿ ತಗಡನ್ನು ಕಚ್ಚಿಕೊಂಡಿತ್ತು. ನಮ್ಮ ನೀರಿನ ತಂಬಿಗೆಯನ್ನು ಅವನ ಹೆಂಡತಿ ಆ ಟ್ರಂಕಿನ ಮೇಲೆಯೇ ಇಟ್ಟಳು.

"ಬಟ್ಟಿ ಬೇಕಾದ್ರ ಹ್ಯಾಂಗ ತಗೀತೀರಿ?" ಎಂದು ಕೇಳಿದೆ, ಬೇರೇನೂ ತೋಚದೆ.

"ತಗಿಯಲ್ರಿ ಮಿಸ್ತ್ರಿ," ಎಂದ ಸಾರಂಗ್. "ಮ್ಯಾಲಿನವೇ ಒಗದು ಒಗದು ಹಾಕ್ಕೋತೇವಿ."

ಒಳಗಿನಿಂದ ಅವನ ಹೆಂಡತಿ ದಖ್ಖನಿ ಉರ್ದುವಿನಲ್ಲಿ ಏನೋ ಅಂದಳು. ಅವನು ನಕ್ಕು ನನಗೆ ಕನ್ನಡದಲ್ಲಿ ಹೇಳಿದ: "ದೋಣಿ ಓಡಿದ್ರ ಬಿಚ್ಚತಾಳಂತ. ಅಲ್ಲೀತನಾ ಇಲ್ಲೇ ಇರೂಣು ಅನ್ನೂ ನನ್ನ ಮಾತು ನಂಬಲ್ಲಂತ."

ದೋಣಿಯನ್ನು ಎರಡು ಗಾಡಿ ಜೋಡಿಸಿ ಸಾಯಗಾಂವದ ದಂಡೆಗೆ ಒಯ್ದೆವು. ದಾರಿಯಲ್ಲಿ ಒಂದು ದಿಬ್ಬ. ಗಾಡಿಯವನು "ಮುಂದ ಬರ್ರಿ, ಮುಂದ ಬರ್ರಿ!" ಎಂದು ಕೂಗಿದ, ದೋಣಿಯಲ್ಲಿ ಕೂತಿದ್ದ ನಾವೆಲ್ಲ ಮೂತಿಯ ಕಡೆ ಸರಿದೆವು. ಗಾಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾರ ಮುಂದಿದ್ದರೆ ನೊಗ ಎತ್ತಿನ ಹೆಗಲ ಮೇಲೆ ಕೂತಿರುತ್ತದೆ. ಹಿಂದಾದರೆ ನೊಗ ಮೇಲೆದ್ದು ಕೊರಳಪಟ್ಟಿ ಎತ್ತಿಗೆ ಉರುಲಾಗುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ಚೀಲ ಹೇರುವವನು, ಕೂಡುವವನು, ಮದುವೆಗೆ ಹೋಗುವ ಮುದುಕಿ ಕೂಡ ದಿಬ್ಬ ಬಂತೆಂದರೆ ಯಾರೂ ಹೇಳದೆಯೇ ಮುಂದೆ ಸರಿಯುತ್ತಾರೆ. ಮೈಯೊಳಗೆ ಕೂತ ತಿಳಿವಳಿಕೆ ಅದು. ನಮ್ಮ ಇಡೀ ತಪ್ಪು ಅಲ್ಲಿಂದಲೇ ಶುರುವಾಯಿತು.

ಮರದ ಕೆಲಸಕ್ಕೆ ಬಂದವರು ಸಾಯಗಾಂವದವರೇ, ಗಾಡಿ ಮಾಡುವ ಬಡಿಗೇರ ಕಾಕಾ. ಆ ಗದ್ದಲದ ದಿನಗಳಲ್ಲಿ ಅವರ ಕಟ್ಟಿಗೆಯ ಅಡ್ಡೆ ಸುಟ್ಟುಹೋಗಿತ್ತು. ಯಾರು ಸುಟ್ಟರೆಂದು ಅವರು ಹೇಳಲಿಲ್ಲ, ಸಾರಂಗನ ಓಣಿಯ ಬೀಗಗಳ ಬಗ್ಗೆ ಸಾರಂಗನೂ ಹೇಳಲಿಲ್ಲ. ಇಬ್ಬರೂ ಮಾತಾಡಿದ್ದು, ಜಗಳವಾಡಿದ್ದು, ದೋಣಿಯ ಬಗ್ಗೆ ಮಾತ್ರ.

ಹೊಸ ಎಂಜಿನ್ನು ಮಿಲಿಟರಿ ಲಿಲಾವಿನ ಒಂದು ಜೀಪಿನದು. ಬೀದರದಲ್ಲಿ ಅದನ್ನು ಬಿಚ್ಚಿ, ವಾಲ್ವು ತಿಕ್ಕಿ, ಗೇರ್ ಪೆಟ್ಟಿಗೆಯ ಸಮೇತ ರೈಲಿನಲ್ಲಿ ಭಾಲ್ಕಿಗೆ ತಂದಿದ್ದೆ. ಹಳೆಯದಕ್ಕಿಂತ ಬಹಳ ಭಾರ. ಎಲ್ಲಿ ಕೂಡಿಸುವುದು? ಕಾಕಾ ಕ್ಷಣವೂ ಯೋಚಿಸಲಿಲ್ಲ. ನಡುವಿನಿಂದ ಮುಂದಕ್ಕೆ ಸೀಮೆಸುಣ್ಣದ ಗೆರೆ ಎಳೆದರು. "ಮುಂಭಾರ ಇರ್ಲಿ." ನನಗೂ ಅದೇ ಸರಿ ಕಂಡಿತು. ನಾನೂ ಗಾಡಿಯ ಊರಿನವನೇ. ಸಾರಂಗ್ ತಲೆ ಕೆರೆದುಕೊಂಡ. ಅವನಿಗೆ ದೋಣಿ ನಡೆಸುವುದು ಗೊತ್ತಿತ್ತೇ ಹೊರತು ಅದನ್ನು ಬಿಚ್ಚಿ ಕಟ್ಟಿದವನಲ್ಲ.

ಭಾರ ತಡೆಯಲೆಂದು ಕಾಕಾ ತಳಕ್ಕೆ ಹೊಸ ಹಲಗೆ ಬಡಿದರು. ಎಂಜಿನ್ನು ಮುಂದೆ, ನೀರು ತಳ್ಳುವ ಪಂಖ ಹಿಂದೆ. ನಡುವೆ ಉದ್ದನೆಯ ಶಾಫ್ಟು, ಅದು ತೊನೆಯದಂತೆ ನಡುವೆ ಒಂದು ಬೇರಿಂಗು. ಶಾಫ್ಟು ನೀರಿಗೆ ಹೊರಬೀಳುವ ತೂತಿನಲ್ಲಿ ಗ್ರೀಸು ಸವರಿದ ನೂಲಿನ ಹಗ್ಗವನ್ನು ಗಿಡಿದು ತುಂಬಿದೆವು. ಎಂಜಿನ್ನು ತಣ್ಣಗಿರಲು ಹೊಳೆಯ ನೀರನ್ನೇ ಎಳೆದು ಹೊರಬಿಡುವ ಕೊಳವೆ.

ಬೇಸಿಗೆಯಲ್ಲಿ ಹೊಳೆ ಬತ್ತಿದರೂ ಸಾಯಗಾಂವದ ಕೆಳಗೆ ಒಂದು ಉದ್ದನೆಯ ಮಡು ಉಳಿಯುತ್ತಿತ್ತು. ಅಲ್ಲೇ ಪರೀಕ್ಷೆ. ವೇಗ ಅಳೆಯಲು ನಮ್ಮ ಬಳಿ ಯಂತ್ರವಿರಲಿಲ್ಲ. ದಂಡೆಯ ಮೇಲೆ ಕಾಕಾನ ಅಳಿಯ ಬರಿ ಗಾಡಿಯನ್ನು ಓಡಿಸುವುದು, ಪಕ್ಕದಲ್ಲಿ ನೀರಿನಲ್ಲಿ ನಾವು. ಎಂಜಿನ್ನು ಹುಲಿಯಂತೆ ಅಬ್ಬರಿಸಿತು. ದೋಣಿ ಮೂತಿಯನ್ನು ನೀರಿಗೆ ಅದ್ದಿ, ನೆಲ ಉಳುವ ಹಾಗೆ ನೀರು ಉಳುತ್ತ ಹೋಯಿತು. ಎತ್ತುಗಳು ನಮ್ಮನ್ನು ದಾಟಿ, ಮಡುವಿನ ಕೊನೆಗೆ ನಿಂತು ನೀರು ಕುಡಿದವು.

"ಮಾವಾ, ನಿಮ್ಮ ಗಾಡಿ ಗೆದ್ದದ ರೀ!" ಎಂದು ಅಳಿಯ ಕೂಗಿದ. ಕಾಕಾನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡರಲ್ಲೂ ಅವರದೇ ಕೈಕೆಲಸ.

ಚುಕ್ಕಾಣಿಯೂ ಕೇಳುತ್ತಿರಲಿಲ್ಲ. ಬಲಕ್ಕೆ ತಿರುಗಿಸಿದರೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಒಮ್ಮೆಲೇ ಬಾಲ ಎಗರಿಸಿ ಸುತ್ತು ಹಾಕುತ್ತಿತ್ತು. ನಾನು ತಪ್ಪು ಹುಡುಕಿದ್ದು ಪಂಖದಲ್ಲಿ. ಹಳೆಯದು ಎರಡು ಎಸಳಿನದು, ನಿಧಾನದ ಎಂಜಿನ್ನಿಗೆ ಮಾಡಿದ್ದು. ಹೊಸ ಎಂಜಿನ್ನಿಗೆ ಅದು ಬರೀ ನೊರೆ ಕಡೆಯುತ್ತಿತ್ತು. ಕಾಕಾ ಕಟ್ಟಿಗೆಯಲ್ಲಿ ಮೂರೆಸಳಿನ ಅಚ್ಚು ಕೆತ್ತಿದರು, ನಾನು ಅದನ್ನು ಹೊತ್ತು ಬೀದರಕ್ಕೆ ಹೋದೆ. ಚೌಬಾರಾದ ಹಿಂದಿನ ಓಣಿಯಲ್ಲಿ ಬಿದರಿ ಎರಕದವನು ಅಚ್ಚನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದ್ಕ ಬೆಳ್ಳಿ ಹೂವು ಕೂಡಿಸ್ಲೇನು?" ಎಂದು ನಗಾಡಿ, ತನ್ನ ಲೋಹ ಪೆಟ್ಟು ಬಿದ್ದರೆ ಒಡೆಯುತ್ತದೆಂದು ಹೇಳಿ, ಹಿತ್ತಾಳೆ ಎರೆಯುವ ಗೆಳೆಯನ ಹತ್ತಿರ ಕಳಿಸಿದ. ಅದನ್ನು ಎರೆಸಿ, ಅರದಲ್ಲಿ ಉಜ್ಜಿ, ಮೂರೂ ಎಸಳು ಸಮತೂಕಕ್ಕೆ ಬರುವವರೆಗೆ ದಾರದಲ್ಲಿ ತೂಗಿ ನೋಡಿ ತಂದೆ.

ಹೊಸ ಪಂಖದಿಂದ ದೋಣಿ ಗಾಡಿಯ ಸಮಕ್ಕೆ ಬಂತು. ಅಷ್ಟೇ. ಮೂತಿ ಇನ್ನೂ ಆಳಕ್ಕೆ ಹೋಯಿತು.

ಈಗ ಹೇಳಬೇಕಾದ ಘಟನೆಯ ಬಗ್ಗೆ ಮೂವರಿಗೂ ಮೂರು ನೆನಪು. ನನ್ನದು ಹೀಗಿದೆ. ಗಾಡಿಯ ಜೊತೆ ಮತ್ತೊಂದು ಓಟ ನಡೆದಿತ್ತು. ನಾನು ಎಂಜಿನ್ನಿನ ಬಳಿ, ಸಾರಂಗ್ ಹಿಂದೆ ಚುಕ್ಕಾಣಿಯಲ್ಲಿ, ಕಾಕಾ ಮೂತಿಯಲ್ಲಿ ಒಳಬಂದ ನೀರನ್ನು ಡಬ್ಬಿಯಿಂದ ಹೊರಚೆಲ್ಲುತ್ತ ಕೂತಿದ್ದರು. ಸಾರಂಗ್ ಅಂದ, "ಕಾಕಾ, ನಿಮ್ಮ ಹಲಗಿ ದಪ್ಪ ಆಗ್ಯಾವ. ಇದು ದೋಣಿ ಅಲ್ಲ, ಕಣಜ."

"ಏನಂದಿ?"

"ಕಣಜ ಅಂದೆ."

"ನಡಸಾಕ ಬರ್ದಾಂವ ಹಲಗಿಗಿ ಹೆಸರಿಡ್ತಾನ!" ಕಾಕಾ ಡಬ್ಬಿ ಹಿಡಿದುಕೊಂಡೇ ಎದ್ದು ಬಂದರು. ಹೊಡೆದಾರೆಂದು ನಾನೂ ಅವರ ಹಿಂದೆ ಹೋದೆ. ಮೂವರೂ ಹಿಂದಿನ ತುದಿಯಲ್ಲಿ ಒತ್ತಾಗಿ ನಿಂತು ಕೈ ಆಡಿಸುತ್ತಿದ್ದೆವು. ಆಗ ದಂಡೆಯಿಂದ ಅಳಿಯ ಕಿರುಚಿದ. ನೋಡಿದರೆ ಎತ್ತುಗಳು ನಮ್ಮ ಹಿಂದೆ ಇದ್ದವು. ಮೂತಿ ನೀರಿನಿಂದ ಎದ್ದಿತ್ತು. ಸಾರಂಗ್ ಜಗಳದ ನಡುವೆಯೇ ಚುಕ್ಕಾಣಿಯನ್ನು ಒಂದಿಷ್ಟು ಒತ್ತಿದ; ದೋಣಿ ಸುಮ್ಮನೆ, ಮಾತು ಕೇಳಿದ ಎತ್ತಿನ ಹಾಗೆ, ತಿರುಗಿತು.

ಕಾಕಾ ಹೇಳುತ್ತಿದ್ದ ಪ್ರಕಾರ ಮೊದಲು ಹಿಂದೆ ಬಂದದ್ದು ನಾನು. ಸಾರಂಗ್ ಹೇಳುವ ಪ್ರಕಾರ ಜಗಳವೇ ಆಗಿಲ್ಲ, ಅವನು ಪರೀಕ್ಷಿಸಲೆಂದು ನಮ್ಮನ್ನು ಕರೆದ. ಯಾವುದೂ ಸಾಬೀತಾಗುವಂಥದ್ದಲ್ಲ. ಮೂತಿ ಎದ್ದಿತು ಎಂಬುದರಲ್ಲಿ ಮಾತ್ರ ಮೂವರೂ ಒಂದೇ.

ಮರುದಿನ ಮರಳಿನ ಚೀಲಗಳನ್ನು ಹಿಂದೆ ಮುಂದೆ ಸರಿಸಿ ನೋಡಿದೆವು. ಹಿಂದೆ ಸರಿದಷ್ಟೂ ಚೆಂದ; ಮಿತಿ ಮೀರಿದರೆ ಬಾಲ ಮುಳುಗುತ್ತಿತ್ತು, ಚೂಪು ತುದಿಗೆ ಭಾರ ಹೊರಲು ಅಗಲವೇ ಇರಲಿಲ್ಲ. ಅಂದರೆ ಎಂಜಿನ್ನನ್ನು ಹಿಂದಕ್ಕೆ ತರಬೇಕು, ಬಾಲಕ್ಕೆ ಅಗಲ ಕೊಡಬೇಕು.

"ಹಿಂಭಾರದ ಗಾಡಿ ನಾ ಮಾಡಾಂವಲ್ಲ," ಎಂದರು ಕಾಕಾ. ಸಿಟ್ಟಿನಿಂದಲ್ಲ. ಅವರ ದನಿಯಲ್ಲಿ ಒಂದು ಬಗೆಯ ಸಂಕಟವಿತ್ತು. "ನಮ್ಮಪ್ಪ ಕಲಿಸಿದ್ದು ಅದೊಂದೇ ಮಾತು, ಮಿಸ್ತ್ರಿ. ಎತ್ತಿನ ಕೊರಳು ನೆನಸ್ಕೊಂಡು ಕಟ್ಟು ಅಂತ."

"ಇಲ್ಲಿ ಎತ್ತಿಲ್ಲಲ್ಲ ಕಾಕಾ."

"ಅದೇ ತಿಳೀವಲ್ದು ನೋಡು. ಎತ್ತಿಲ್ದೇ ಹ್ಯಾಂಗ ಕಟ್ಟಬೇಕು?"

ಕಷ್ಟ ಅಷ್ಟೇ ಆಗಿರಲಿಲ್ಲ. ಆಗಲೇ ಮುಗಿಲು ಕಪ್ಪಾಗುತ್ತಿತ್ತು. ಎಂಜಿನ್ನು ಕಿತ್ತರೆ ಅದರ ಪೀಠ ಒಡೆಯಬೇಕು, ತಳದಲ್ಲಿ ಹೊಸ ತೂತು ಕೊರೆಯಬೇಕು, ಹಳೆಯದನ್ನು ಮುಚ್ಚಬೇಕು. ಕೆಟ್ಟರೆ ಈ ಮಳೆಗಾಲಕ್ಕೆ ದೋಣಿಯೇ ಇಲ್ಲ. ಹೀಗೆಯೇ ಬಿಟ್ಟರೆ ಹೊಳೆ ಅರ್ಧ ತುಂಬಿದಾಗ ಒಂದೆರಡು ಸಲ ದಾಟಿ, ತಹಸೀಲ್ದಾರರ ಕಣ್ಣಿಗೆ ಓಡಿದಂತೆ ಕಾಣಬಹುದಿತ್ತು. ನನಗೆ ಬೀದರದಲ್ಲಿ ಕೆಲಸವಿತ್ತು, ಕಾಕಾನಿಗೆ ಗಾಡಿಗಳಿದ್ದವು. ಕಳೆದುಕೊಳ್ಳುವವನು ಒಬ್ಬನೇ. ನಾನು ಅವನ ಮುಖ ನೋಡಿದೆ.

ಸಾರಂಗ್ ಹೊಳೆಯ ಕಡೆ ನೋಡುತ್ತ ನಿಂತಿದ್ದ. "ಅರ್ಧ ಹೊಳಿ ದಾಟೂ ದೋಣಿ ನಂಗ ನಕ್ಕೊ, ಬ್ಯಾಡ," ಎಂದ. "ಹೊಳಿ ತುಂಬಿದ ದಿನ ಜನ ನನ್ನ ನಂಬಿ ಕುಂದ್ರತಾರ. ಬಿಚ್ರಿ ಮಿಸ್ತ್ರಿ."

ಬಿಚ್ಚಿದೆವು. ಉದ್ದ ಶಾಫ್ಟನ್ನು ಗಿಡ್ಡವಾಗಿ ಕೊಯ್ದೆ. ಎಂಜಿನ್ನು ಹಿಂದೆ ಬಂದದ್ದರಿಂದ ಶಾಫ್ಟು ಕಡಿದಾಗಿ ಇಳಿಯಬೇಕಾಯಿತು. ಎಂಜಿನ್ನು ಸಮವಾಗಿ ಕೂತು ಶಾಫ್ಟು ಮಾತ್ರ ಬಾಗಲು ಜೀಪಿನದೇ ಕ್ರಾಸ್ ಜಾಯಿಂಟನ್ನು ನಡುವೆ ಹಾಕಿದೆ. ಹಿಂಭಾರ ಒಲ್ಲೆನೆಂದಿದ್ದ ಕಾಕಾ ತಾವೇ ಹಿಂದಿನ ಚೂಪು ತುದಿಯ ಎರಡೂ ಮಗ್ಗುಲಿಗೆ ನೀರಿನ ಮಟ್ಟದಲ್ಲಿ ಅಗಲ ಹಲಗೆಗಳನ್ನು ಬಾತುಕೋಳಿಯ ಬಾಲದಂತೆ ಕೂಡಿಸಿದರು. ದೋಣಿ ಅಡ್ಡಡ್ಡ ಜಾರದಂತೆ ತಳದ ಉದ್ದಕ್ಕೆ ಒಂದು ನಿಂತ ಹಲಗೆ. ಚುಕ್ಕಾಣಿಯನ್ನು ಒಂದೂವರೆ ಪಟ್ಟು ಅಗಲ ಮಾಡಿದರು. ಸಂದುಗಳಿಗೆ ಸೆಣಬು ಮತ್ತು ಡಾಂಬರು. ಗೇರ್ ಕೋಲು ಈಗ ಸಾರಂಗನ ಕೈಗೇ ನಿಲುಕುತ್ತಿತ್ತು.

ಮಡುವಿನಲ್ಲಿ ಒಂದೇ ಒಂದು ಓಟ ಸಾಧ್ಯವಾಯಿತು. ಅಳಿಯನ ಎತ್ತುಗಳು ಅರ್ಧ ದಾರಿಯಲ್ಲೇ ಸೋತು ನಿಂತವು. ಆ ಮೇಲೆ ಮಳೆ ಹಿಡಿಯಿತು.

ಹೊಳೆ ತುಂಬಿದ ವಾರವೇ ಆಚೆಯಿಂದ ಸುದ್ದಿ ಬಂತು. ಔರಾದ ಸೀಮೆಯಲ್ಲಿ ಪಟಕಿ ಬೇನೆ, ವಾಂತಿ ಭೇದಿ. ಅತ್ತ ಡಾಬಕಾದ ತನಕ ಹಬ್ಬಿದೆ. ಬೀದರದಿಂದ ಒಬ್ಬ ತರುಣ ಡಾಕ್ಟರು, ಇಬ್ಬರು ಕಂಪೌಂಡರು, ಔಷಧದ ಪೆಟ್ಟಿಗೆಗಳು ಬಂದವು. ದಂಡೆಯಲ್ಲಿ ಸಿಕ್ಕಿಕೊಂಡಿದ್ದ ಔರಾದ ಕಡೆಯ ನಾಲ್ಕಾರು ಜನರೂ ಹತ್ತಿದರು; ನಾನು, ಕಾಕಾ ಜೊತೆಗಿದ್ದೆವು. ನೀರು ಕೆಂಪಗೆ, ದಪ್ಪಗೆ, ಬುಡಸಮೇತ ಕಿತ್ತ ಗಿಡಗಳನ್ನು ಹೊತ್ತು ಹೋಗುತ್ತಿತ್ತು. ತಹಸೀಲ್ದಾರರು ಛತ್ರಿ ಹಿಡಿದು ದಂಡೆಯಲ್ಲಿ ನಿಂತರು. ಸಾರಂಗ್ ಎಲ್ಲರನ್ನೂ ಹಿಂದಿನ ಅರ್ಧದಲ್ಲಿ ಕೂಡಿಸಿ, "ಯಾರೂ ಅಳ್ಳಾಡಬ್ಯಾಡ್ರಿ," ಎಂದ.

ಮೊದಲ ಅರ್ಧ ನಾವು ಕನಸು ಕಂಡ ಹಾಗೆಯೇ ಹೋಯಿತು. ಪ್ರವಾಹಕ್ಕೆ ಓರೆಯಾಗಿ ಮೂತಿ ಎತ್ತಿಕೊಂಡು ದೋಣಿ ಏರಿತು. ನಡುಹೊಳೆಯಲ್ಲಿ ನೀರು ಉಬ್ಬಿ ದಿಬ್ಬದ ಹಾಗೆ ನಿಂತಿತ್ತು. ಮೂತಿ ಅದರ ಮೇಲೆ ಏರಿದಾಗ ಮೈಗೆಲ್ಲ ಅದೇ ಹಳೆಯ ಅನುಭವ: ಗಾಡಿ ದಿಬ್ಬ ಹತ್ತುತ್ತಿದೆ. ಆಗ ಯಾರೋ ಕೂಗಿದರು: "ಮುಂದ ಬರ್ರಿ!"

ಎಲ್ಲರೂ ಮುಂದೆ ಬಂದರು. ಮುದುಕರು, ಕಂಪೌಂಡರು, ಪೆಟ್ಟಿಗೆ ತಬ್ಬಿಕೊಂಡ ಡಾಕ್ಟರು ಕೂಡ. ಯೋಚಿಸಿ ಬಂದದ್ದಲ್ಲ, ಮೈ ಬಂದದ್ದು. ಮೂತಿ ಒಮ್ಮೆಲೇ ನೀರೊಳಗೆ ನುಗ್ಗಿತು, ಬಾಲ ಎದ್ದಿತು, ಚುಕ್ಕಾಣಿ ಗಾಳಿಯಲ್ಲಿ ಆಡಿತು. ದೋಣಿ ಅಡ್ಡ ತಿರುಗತೊಡಗಿತು. "ಹಿಂದ ಬರ್ರಿ! ಪೀಛೆ! ಪೀಛೆ ಆವೊ!" ಎಂದು ಸಾರಂಗ್ ಅರಚಿದ. ಒಬ್ಬರೂ ಅಲುಗಲಿಲ್ಲ. ಮೂತಿಯ ಹಲಗೆಯನ್ನು ಅಪ್ಪಿಕೊಂಡು, ಇನ್ನೂ ಮುಂದೆ ಜಾಗವಿದೆಯೇನೋ ಎಂಬಂತೆ ಒತ್ತುತ್ತಿದ್ದರು.

ಬಾಲ ಔರಾದ ದಂಡೆಯತ್ತ ತಿರುಗಿದಾಗ ಸಾರಂಗ್ ಎಂಜಿನ್ನಿನ ಓಟ ಇಳಿಸಿದ. ಗೇರ್ ಕೋಲನ್ನು ಹಿಡಿದು ಹಿಂದಿನ ಗೇರಿಗೆ ಎಳೆದ. ಕಟಕಟ ಎಂದು ಹಲ್ಲುಗಳು ಕೂಗಿದ್ದು ನನ್ನ ಎದೆಗೆ ಬಡಿಯಿತು. ಆಮೇಲೆ ಕಚ್ಚಿತು. ದೋಣಿ ಹಿಂದು ಹಿಂದಕ್ಕೆ ಚಲಿಸತೊಡಗಿತು, ಬಾಲವೇ ಈಗ ಮುಂದು. ಜನ ಮುಂದೆ ಹೋಗಿದ್ದರಲ್ಲ, ಅದೇ ಈಗ ಹಿಂಭಾರ. ಚುಕ್ಕಾಣಿ ಪೂರ್ತಿ ಕೇಳದಿದ್ದರೂ ದೋಣಿ ತಿರುಗುವುದನ್ನು ನಿಲ್ಲಿಸಿತು. ಅರ್ಧ ಎಂಜಿನ್ನಿನ ಬಲ, ಅರ್ಧ ಪ್ರವಾಹದ ಬಲ. ಬೆನ್ನು ತೋರಿಸುತ್ತಲೇ ನಾವು ಔರಾದ ದಂಡೆಗೆ, ಬಹಳ ಕೆಳಗೆ, ಒಂದು ಜೋಳದ ಹೊಲದ ಅಂಚಿಗೆ ಬಂದೆವು. ಪಂಖ ನೆಲಕ್ಕೆ ತಾಗುವ ಮೊದಲು ಎಂಜಿನ್ನು ನಿಲ್ಲಿಸಿದೆ. ಕಾಕಾ ಹಗ್ಗವನ್ನು ಜಾಲಿ ಮರಕ್ಕೆ ಬೀಸಿದರು. ಅದು ಬಿಗಿದು, ಹರಿದು ನೀರುಪಾಲಾಯಿತು. ಅವರು ತಲೆಯ ಪಟಗ ಬಿಚ್ಚಿ ಎಸೆದರು. ದಂಡೆಯಲ್ಲಿ ಓಡಿಬಂದ ಜನ ಅದರ ತುದಿ ಹಿಡಿದು ನಮ್ಮನ್ನು ಎಳೆದುಕೊಂಡರು.

"ಮುಂದ ಬರ್ರಿ" ಎಂದು ಕೂಗಿದ್ದು ಕಾಕಾ. ನನ್ನ ಕಿವಿಗೆ ಅವರ ದನಿ ಇನ್ನೂ ಇದೆ. ಕೂಗಿದ್ದು ಮಿಸ್ತ್ರಿಯೇ ಎಂದು ಕಾಕಾ ಸಾಯುವ ತನಕ ಹೇಳಿದರು. ಸಾರಂಗನನ್ನು ಕೇಳಿದರೆ, "ಇಬ್ರೂ ಕೂಡೇ ಕೂಗಿದ್ರಿ, ಜೋಡೆತ್ತಿನಂಗ," ಎನ್ನುತ್ತಿದ್ದ.

ಡಾಕ್ಟರು ಪೆಟ್ಟಿಗೆಗಳೊಂದಿಗೆ ಗಾಡಿ ಹತ್ತಿ ಒಳಗಿನ ಹಳ್ಳಿಗಳಿಗೆ ಹೋದರು. ಬೀದರದ ದವಾಖಾನೆಗೆ ಒಯ್ಯಬೇಕಾದ ಮೂವರು ರೋಗಿಗಳನ್ನು ನಮ್ಮ ದೋಣಿಗೆ ತಂದರು, ಜೊತೆಗೆ ಅವರ ಮನೆಯವರು. ಈ ಸಲ ಸಾರಂಗ್ ಎಲ್ಲರನ್ನೂ ಬೆನ್ನು ಮೂತಿಗೆ ಮಾಡಿ ಕೂಡಿಸಿದ. "ಹೋಗೂ ಕಡಿ ನೋಡಬ್ಯಾಡ್ರಿ. ಬಿಟ್ಟ ದಂಡಿ ನೋಡ್ರಿ. ನಿಮ್ಮ ಊರು ಎಲ್ಲಿತನಾ ಕಾಣ್ತದ ಹೇಳ್ರಿ ನನಗ." ಜನ ನಡುಹೊಳೆಯಲ್ಲೂ ತಮ್ಮ ಮರ, ತಮ್ಮ ಗುಡಿ ಹುಡುಕುತ್ತ ಕೂತರು. ಏರು ಕಾಣದವರಿಗೆ ಮುಂದೆ ಸರಿಯುವ ನೆನಪಾಗಲಿಲ್ಲ. ದೋಣಿ ಹಾರಿಕೊಂಡು ಬಂತು.

ತಹಸೀಲ್ದಾರರು ಅದೇ ಜಾಗದಲ್ಲಿ ನಿಂತಿದ್ದರು. ಛತ್ರಿ ಮಡಚಿತ್ತು, ಪೂರ್ತಿ ತೊಯ್ದಿದ್ದರು.

"ಹೋಗೂವಾಗ ಯಾಕ ಹಿಂದು ಹಿಂದ ಹೋದ್ರಿ?"

"ದವಾಯಿ ಪೆಟ್ಟಿಗಿ ಮುಂದಿದ್ವು ಸಾಬ್," ಎಂದ ಸಾರಂಗ್, ಮುಖದ ಗೆರೆಯೂ ಅಲುಗದೆ. "ನೀರು ಸಿಡೀಬಾರ್ದಂತ."

ತಹಸೀಲ್ದಾರರು ರೋಗಿಗಳನ್ನು ಇಳಿಸುವುದನ್ನು ನೋಡುತ್ತ ನಿಂತರು. ನಂಬಿದರೆಂದು ನನಗನ್ನಿಸುವುದಿಲ್ಲ. "ನಾಳಿ ಎಷ್ಟೊತ್ತಿಗಿ ಬಿಡ್ತಿ?" ಎಂದರು ಕೊನೆಗೆ.

"ಬೆಳಕು ಹರದ ಕೂಡ್ಲೆ ಸಾಬ್."

ಅಂದೇ ಕಾಕಾ ಹಿಂದಕ್ಕೆ ಮುಖ ಮಾಡಿದ ಬೆಂಚುಗಳನ್ನು ಬಡಿದು ಕೂಡಿಸಿದರು. ಮೂತಿಗೆ ಅಡ್ಡ ಹಲಗೆ ಹಾಕಿ, ಯಾರೂ ಹೋಗದಂತೆ ಮುಚ್ಚಿದರು. ಕೊನೆಯ ಮೊಳೆ ಹೊಡೆದು, "ಮಂದಿಗಿ ಕಲಿಸೂದ್ಕಿಂತ ಇದು ಹಗೂರ," ಎಂದರು.

ಮರುದಿನ ಬೆಳಿಗ್ಗೆ ದೋಣಿ ಕಟ್ಟಲು ಹಗ್ಗವಿರಲಿಲ್ಲ. ಸಾರಂಗ್ ಭಾಲ್ಕಿಯಿಂದ ಬರುವಾಗ ಹೆಗಲ ಮೇಲೆ ಕತ್ತದ ಹಗ್ಗದ ಒಂದು ಸಿಂಬೆ ಹೊತ್ತು ಬಂದ.

"ಎಲ್ಲಿಂದ ತಂದಿ?"

"ಮನ್ಯಾಗಿತ್ರಿ. ಇದು ಈಗ ಬ್ಯಾಡ, ಒಯ್ಯಿ ಅಂದ್ಳು."

ಈ ಭಾಗ ತೀರ ಚೊಕ್ಕಟವಾಗಿದೆಯೆಂದು ನನಗೇ ಅನುಮಾನ. ಹಗ್ಗವನ್ನು ಭಾಲ್ಕಿಯ ಪೇಟೆಯಿಂದ ತಂದದ್ದೆಂದು ಕಾಕಾ ಹೇಳುತ್ತಿದ್ದರು. ಇರಬಹುದು. ಆದರೆ ಅದನ್ನು ಗೂಟಕ್ಕೆ ಸುತ್ತಿದ್ದು ನನ್ನ ಕೈ. ಗೂಟ ದುಂಡಗಿತ್ತು, ಹಗ್ಗ ದುಂಡಗೆ ಬಾಗಲಿಲ್ಲ. ಒಂದೊಂದು ಮಾರಿಗೆ ಮೂಲೆ ಮಡಚಿಕೊಂಡು, ಚೌಕವಾಗಿಯೇ ಸುತ್ತಿಕೊಳ್ಳಲು ಹವಣಿಸುತ್ತಿತ್ತು. ನಾನು ಎಷ್ಟು ಎಳೆದರೂ ಟ್ರಂಕಿನ ಮೂಲೆ ಹೋಗಲಿಲ್ಲ. ಹೊಳೆಯ ನೀರು ಕುಡಿದು ಅದು ಮೆತ್ತಗಾಗಲು ಇನ್ನೂ ಕೆಲವು ದಿನ ಬೇಕಾದವು.